ಮಾತು ಬಿಟ್ಟವರು ಮತ್ತೆ ಮಾತಾಡುವುದು: ಚಿನ್ನದ ಗಣಿಯೂರಿನ ಗೆಳೆತನಗಳ ಕುರಿತು ಒಂದು ಸಂವಾದ

ಒಬ್ಬರು: ಬಾಲ್ಯದ ಗೆಳೆತನ ಮುರಿದುಬಿತ್ತು ಎಂದರೆ ಕೇಳುವವರು ಮೊದಲು ಹುಡುಕುವುದು ಜಗಳವನ್ನು. ಯಾರು ಏನಂದರು, ಯಾರು ಯಾರ ಹಣ ಮುಳುಗಿಸಿದರು ಎಂದು. ಎಲ್ಲ ಮುರಿತದ ಹಿಂದೆಯೂ ಒಂದು ಜಗಳ ಇರಲೇಬೇಕೇ?

ಇನ್ನೊಬ್ಬರು: ಇರಬೇಕಾಗಿಲ್ಲ. ಮುರಿತದಲ್ಲಿ ಸ್ಥೂಲವಾಗಿ ಮೂರು ಬಗೆ. ಮೊದಲನೆಯದು ನೇರ ಜಗಳ: ಸಾಲ, ಚಾಡಿ, ಕೈತಪ್ಪಿದ ಮದುವೆ ಮಾತು, ಸಂಘದ ಚುನಾವಣೆ. ಎರಡನೆಯದು ಸವಕಳಿ: ಒಬ್ಬರು ಊರು ಬಿಟ್ಟರು, ಕಾಗದ ನಿಂತಿತು, ಫೋನ್ ನಂಬರು ಬದಲಾಯಿತು. ಯಾರೂ ಯಾರನ್ನೂ ಬಿಟ್ಟಿರುವುದಿಲ್ಲ, ಆದರೂ ಬಿಟ್ಟುಹೋಗಿರುತ್ತದೆ. ಮೂರನೆಯದು ಅಂತಸ್ತಿನ ಬಿರುಕು: ಒಂದೇ ಬೆಂಚಿನಲ್ಲಿ ಕೂತಿದ್ದ ಇಬ್ಬರಲ್ಲಿ ಒಬ್ಬರ ಬದುಕು ಮೇಲೆ ಹೋಗುತ್ತದೆ, ಇನ್ನೊಬ್ಬರದು ಕೆಳಗೆ ಬೀಳುತ್ತದೆ; ಎದುರಾದಾಗ ಇಬ್ಬರಿಗೂ ಮಾತು ಹೊರಡುವುದಿಲ್ಲ. ಎಣಿಕೆಯಲ್ಲಿ ಸವಕಳಿಯದೇ ಮೇಲುಗೈ. ನೆದರ್‌ಲೆಂಡ್ಸಿನ ಯೂಟ್ರೆಕ್ಟ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಗೆರಾಲ್ಡ್ ಮೊಲೆನ್‌ಹಾರ್ಸ್ಟ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಳು ವರ್ಷ ಕಳೆಯುವಷ್ಟರಲ್ಲಿ ಒಬ್ಬ ವ್ಯಕ್ತಿಯ ಆಪ್ತವಲಯದ ಸುಮಾರು ಅರ್ಧದಷ್ಟು ಜನ ಬದಲಾಗಿರುತ್ತಾರೆ. ಗೆಳೆಯರು ಎಲ್ಲಿ ಸಿಗುತ್ತಾರೆ ಎನ್ನುವ ಸಂದರ್ಭ ಬದಲಾದರೆ ಗೆಳೆತನವೂ ಬದಲಾಗುತ್ತದೆ ಎಂಬುದು ಅದರ ತಾತ್ಪರ್ಯ.

ಒಬ್ಬರು: ಈ ಮೂರೂ ಬಗೆ ಒಂದೇ ಕಡೆ ಕಾಣಸಿಗುವ ಊರು ಕರ್ನಾಟಕದಲ್ಲಿ ಉಂಟೇ?

ಇನ್ನೊಬ್ಬರು: ಕೋಲಾರ ಚಿನ್ನದ ಗಣಿ ಪ್ರದೇಶ ಮತ್ತು ಅದರ ಹೆಬ್ಬಾಗಿಲಾದ ಬಂಗಾರಪೇಟೆ. ಅಲ್ಲಿ ಗೆಳೆತನಗಳು ಕಟ್ಟಿಕೊಂಡಿದ್ದು ಒಂದು ಉದ್ಯಮದ ಸುತ್ತ. ಆ ಉದ್ಯಮ 2001ರ ಫೆಬ್ರವರಿ 28ರಂದು ನಿಂತಿತು. ಸಾವಿರಾರು ಮನೆಗಳ ಒಡನಾಟ ಒಂದೇ ಕಾರಣಕ್ಕೆ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಚದುರಿದ ಇಂಥ ಉದಾಹರಣೆ ರಾಜ್ಯದಲ್ಲಿ ಅಪರೂಪ.

ಒಬ್ಬರು: ಚದುರುವ ಮಾತಿಗೆ ಮೊದಲು ಕೂಡಿದ ಮಾತು ಬರಲಿ. ಗಣಿಯೂರಿನಲ್ಲಿ ಮಕ್ಕಳ ಗೆಳೆತನ ಹೇಗೆ ಬೆಳೆಯುತ್ತಿತ್ತು?

ಇನ್ನೊಬ್ಬರು: ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿ ಕಾಲಿಟ್ಟ ಮೇಲೆ ಗಣಿಗಾರಿಕೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. ನೆಲದಡಿ ಇಳಿಯುವ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ದಲಿತ ಕುಟುಂಬಗಳವರು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳ ಸುತ್ತ ಕಾರ್ಮಿಕರ ಲೈನ್‌ಗಳು ಎದ್ದವು. ಲೈನ್ ಮನೆ ಎಂದರೆ ಗೋಡೆಗೆ ಗೋಡೆ ಅಂಟಿದ ಸಾಲು: ಒಂದು ಮನೆಯ ಒಗ್ಗರಣೆ ವಾಸನೆ ಮೂರನೆಯ ಮನೆಗೆ ತಿಳಿಯುತ್ತಿತ್ತು, ಹತ್ತಾರು ಮನೆಗೆ ಒಂದೇ ನಲ್ಲಿ. ಲೈನಿನಲ್ಲಿ ತಮಿಳು, ಸುತ್ತಲ ಹಳ್ಳಿಗಳಲ್ಲಿ ತೆಲುಗು ಮತ್ತು ಕನ್ನಡ, ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಲ್ಲಿ ಉರ್ದೂ, ಆಂಗ್ಲೋ-ಇಂಡಿಯನ್ನರ ಮನೆಗಳಲ್ಲಿ ಇಂಗ್ಲಿಷ್. ಮಗು ಶಾಲೆಗೆ ಸೇರುವ ಹೊತ್ತಿಗೆ ಈ ಭಾಷೆಗಳಲ್ಲಿ ಎರಡಾದರೂ ನಾಲಿಗೆಗೆ ಹತ್ತಿರುತ್ತಿತ್ತು. ಅಲ್ಲಿನ ಬಾಲ್ಯದ ಗೆಳೆತನಗಳು ಜಾತಿ, ಭಾಷೆ ದಾಟಿದ್ದು ಯಾರ ಉಪದೇಶದಿಂದಲೂ ಅಲ್ಲ. ಅಷ್ಟು ಇಕ್ಕಟ್ಟಿನಲ್ಲಿ ದಾಟದೆ ಬೇರೆ ದಾರಿ ಇರಲಿಲ್ಲ.

ಒಬ್ಬರು: ಇಕ್ಕಟ್ಟಿದ್ದ ಕಡೆ ಜಗಳವೂ ಹೆಚ್ಚಲ್ಲವೇ?

ಇನ್ನೊಬ್ಬರು: ಹೆಚ್ಚೇ. ಆದರೆ ಜಗಳ ಬಹಳ ದಿನ ಬಾಳುತ್ತಿರಲಿಲ್ಲ. ಬೆಳಗ್ಗೆ ಠೂ ಬಿಟ್ಟ ಹುಡುಗರು ಸಂಜೆ ಅದೇ ನಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ನಿಲ್ಲಬೇಕಿತ್ತು. ದಿನವೂ ಮುಖ ನೋಡಲೇಬೇಕಾದವರ ನಡುವೆ ಮುನಿಸಿಗೆ ಆಯಸ್ಸು ಕಡಿಮೆ. ದೊಡ್ಡವರಾದ ಮೇಲಿನ ಮುನಿಸು ದಶಕಗಟ್ಟಲೆ ಬಾಳುವುದಕ್ಕೆ ಕಾರಣ ಇಲ್ಲಿದೆ. ದೊಡ್ಡವರ ಮನಸ್ಸು ಮಕ್ಕಳದಕ್ಕಿಂತ ಕಲ್ಲಾಗಿರುತ್ತದೆ ಎಂದೇನಲ್ಲ. ಅವರನ್ನು ದಿನವೂ ಎದುರುಬದುರು ನಿಲ್ಲಿಸುವ ನಲ್ಲಿ ಇರುವುದಿಲ್ಲ.

ಒಬ್ಬರು: ಅಪಾಯದ ಕೆಲಸವೂ ಮನೆಗಳನ್ನು ಹತ್ತಿರ ತಂದಿರಬೇಕು.

ಇನ್ನೊಬ್ಬರು: ತಂದಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಅದೂ ಒಂದು. ಅಷ್ಟು ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿಯುವುದನ್ನು ಗಣಿಯವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ದೊಡ್ಡದಾದರೆ ಮೇಲೆ ಮನೆಗಳೂ ನಡುಗುತ್ತಿದ್ದವು, ಅಟ್ಟದ ಪಾತ್ರೆ ಕೆಳಗೆ ಬೀಳುತ್ತಿತ್ತು. ಆ ಪಾಳಿಯಲ್ಲಿ ಯಾರ ಅಪ್ಪ ಇಳಿದಿದ್ದಾನೆ ಎಂಬುದು ಇಡೀ ಲೈನಿಗೆ ಗೊತ್ತು. ಹೆಂಗಸರು ಮಕ್ಕಳು ಶಾಫ್ಟ್ ಕಡೆ ಓಡಿ, ಕೆಲಸಗಾರರನ್ನು ಹೊತ್ತ ಕೇಜ್ ಮೇಲೆ ಬರುವ ತನಕ ಕಾಯುತ್ತಿದ್ದರು. ಹಾಗೆ ಪಕ್ಕಪಕ್ಕದಲ್ಲಿ ನಿಂತು ಕಾದ ಮಕ್ಕಳ ನಡುವಿನ ನಂಟಿನಲ್ಲಿ ಆಟಪಾಠಕ್ಕಿಂತ ಹೆಚ್ಚಿನದೊಂದು ಸೇರಿಕೊಳ್ಳುತ್ತದೆ. ಗಣಿಯೂರಿನವರು ವರ್ಷಗಳ ನಂತರ ಸಿಕ್ಕಾಗ ಮೊದಲು ಅಪ್ಪಂದಿರ ವಿಷಯ ಕೇಳುವುದು ಇದಕ್ಕೇ.

ಒಬ್ಬರು: ಹಾಗಾದರೆ ಗಣಿಯೂರು ಸಮಾನರ ಊರಾಗಿತ್ತು ಎನ್ನಬಹುದೇ?

ಇನ್ನೊಬ್ಬರು: ಖಂಡಿತ ಅಲ್ಲ. ಬಂಗಲೆ ಬೇರೆ, ಲೈನ್ ಬೇರೆ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಗಣಿಗೆ ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಬಂಗಲೆ, ಗಾಲ್ಫ್ ಮೈದಾನ, ಕ್ಲಬ್ಬುಗಳಿಂದಾಗಿ ಊರಿಗೆ ಪುಟ್ಟ ಇಂಗ್ಲೆಂಡ್ ಎಂಬ ಹೆಸರೂ ಬಂತು. ಆ ಇಂಗ್ಲೆಂಡಿನ ಬಾಗಿಲು ಲೈನಿನ ಮಕ್ಕಳಿಗೆ ತೆರೆದಿರಲಿಲ್ಲ. ಕೆಲವು ಶಾಲೆಗಳಲ್ಲಿ, ಚರ್ಚಿನ ಅಂಗಳದಲ್ಲಿ, ಫುಟ್‌ಬಾಲ್ ಹಾಕಿ ಮೈದಾನಗಳಲ್ಲಿ ಮಾತ್ರ ಗೆರೆ ಸ್ವಲ್ಪ ಅಳಿಯುತ್ತಿತ್ತು. ಗೆರೆ ದಾಟಿದ ಗೆಳೆತನಗಳು ಅಲ್ಲಿ ಹುಟ್ಟಿದವು, ಮುಂದೆ ಮೊದಲು ಬಿರುಕುಬಿಟ್ಟವೂ ಅವೇ.

ಒಬ್ಬರು: ಇದರಲ್ಲಿ ಬಂಗಾರಪೇಟೆಯ ಪಾಲೇನು?

ಇನ್ನೊಬ್ಬರು: ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಿಂದ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಊರು ಅದು. ಮದ್ರಾಸು–ಬೆಂಗಳೂರು ರೈಲು ದಾರಿಯಲ್ಲಿತ್ತು. 1894ರಲ್ಲಿ ಅಲ್ಲಿಂದ ಮಾರಿಕುಪ್ಪಂವರೆಗೆ ಕವಲು ದಾರಿ ಬಂದ ಮೇಲೆ ಗಣಿಯ ಯಂತ್ರ, ಅಕ್ಕಿ, ಜನ ಎಲ್ಲ ಬಂಗಾರಪೇಟೆಯನ್ನು ಹಾದೇ ಬರಬೇಕಾಯಿತು. ಗಣಿಯೂರಿನವರ ಬದುಕು ಪಾಳಿಯ ಲೆಕ್ಕದ್ದು, ಬಂಗಾರಪೇಟೆಯವರದು ಸಂತೆ, ರೈಲು, ಹೊಲದ ಲೆಕ್ಕದ್ದು. ಎರಡೂ ಕಡೆಯ ಮಕ್ಕಳು ಒಂದೇ ಶಾಲೆ ಕಾಲೇಜುಗಳಲ್ಲಿ, ಒಂದೇ ರೈಲಿನಲ್ಲಿ ಸೇರುತ್ತಿದ್ದರು. ಬಿಟ್ಟುಹೋದವರೂ ಇದೇ ಜಂಕ್ಷನ್ ಮೂಲಕ ಹೋದರು. ಹಾಗಾಗಿ ಮರಳಿ ಭೇಟಿಯಾಗುವ ಮಾತು ಬಂದಾಗ ಬಂಗಾರಪೇಟೆಯ ಹೆಸರು ತಾನಾಗಿ ಬರುತ್ತದೆ.

ಒಬ್ಬರು: ಇನ್ನು ಚದುರಿದ ಕ್ರಮ.

ಇನ್ನೊಬ್ಬರು: ಅದು ಒಂದೇ ದಿನದ ಕಥೆಯಲ್ಲ. ಸ್ವಾತಂತ್ರ್ಯದ ಆಸುಪಾಸಿನಲ್ಲಿ, ಮತ್ತೆ 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡ ಹೊತ್ತಿನಲ್ಲಿ, ಬ್ರಿಟಿಷರ ಜೊತೆಗೆ ಅನೇಕ ಆಂಗ್ಲೋ-ಇಂಡಿಯನ್ ಕುಟುಂಬಗಳೂ ಇಂಗ್ಲೆಂಡ್, ಆಸ್ಟ್ರೇಲಿಯಾ ಹಾದಿ ಹಿಡಿದವು. ಶಾಲೆಯ ಗೆಳೆತನಗಳಲ್ಲಿ ಮೊದಲ ಸುತ್ತಿನ ಸವಕಳಿ ಅದು. 1962ರಲ್ಲಿ ಗಣಿ ಕೇಂದ್ರ ಸರ್ಕಾರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ನಡುವೆ 1964ರಲ್ಲಿ ಭಾರತ್ ಅರ್ಥ್ ಮೂವರ್ಸ್ (ಬೆಮೆಲ್) ಸ್ಥಾಪನೆಯಾಗಿ ಅದರ ಕಾರ್ಖಾನೆ ಗಣಿಯೂರಿಗೆ ಬಂತು. ಆಗ ಅಂತಸ್ತಿನ ಬಿರುಕು ಹೊಸ ರೂಪ ತಾಳಿತು. ಒಂದೇ ತರಗತಿಯ ಇಬ್ಬರಲ್ಲಿ ಒಬ್ಬ ಬೆಮೆಲ್ ಸೇರಿದ, ಇನ್ನೊಬ್ಬ ಅಪ್ಪನ ಹಿಂದೆ ಗಣಿಗೆ ಇಳಿದ. ಮೊದಲ ಕೆಲವು ವರ್ಷ ವ್ಯತ್ಯಾಸ ಎದ್ದು ಕಾಣಲಿಲ್ಲ. ಗಣಿಯ ಅದಿರು ತೆಳುವಾಗುತ್ತ, ನಷ್ಟ ಏರುತ್ತ ಹೋದಂತೆ ಒಂದು ಮನೆಯಲ್ಲಿ ಸ್ಕೂಟರ್ ಬಂತು, ಇನ್ನೊಂದು ಮನೆಯಲ್ಲಿ ಸಂಬಳದ ದಿನ ಮುಂದೆ ಹೋಗತೊಡಗಿತು.

ಒಬ್ಬರು: ಮುಚ್ಚಿದ ಮೇಲಿನ ಬಿರುಕು?

ಇನ್ನೊಬ್ಬರು: ಅಂತಸ್ತಿನ ಬಿರುಕಿನ ಜೊತೆಗೆ ಉಳಿದ ಎರಡೂ ಬಗೆಯ ಮುರಿತ ಆಗ ಒಟ್ಟಿಗೆ ಬಂತು. ನೇರ ಜಗಳಕ್ಕೆ ಕಾರಣ ಪರಿಹಾರದ ಪ್ಯಾಕೇಜು. ಸಹಿ ಹಾಕಿ ಬಂದಷ್ಟು ತೆಗೆದುಕೊಳ್ಳುವುದು ಜಾಣತನವೋ, ಕೋರ್ಟಿನಲ್ಲಿ ಹೋರಾಡುವುದು ಮರ್ಯಾದೆಯೋ ಎಂಬ ಪ್ರಶ್ನೆ ಸಂಘಗಳನ್ನಷ್ಟೇ ಅಲ್ಲ, ಒಂದೇ ಶಾಫ್ಟಿನಲ್ಲಿ ಇಳಿದವರನ್ನೂ ಎರಡು ಮಾಡಿತು. ಸಾಲದ ಜಗಳ ಅದರ ಬೆನ್ನಿಗೇ ಬಂತು: ಕೈಗೆ ಬಂದ ಒಟ್ಟು ಮೊತ್ತದಲ್ಲಿ ಗೆಳೆಯನಿಗೆ ಕೊಟ್ಟದ್ದು ಮರಳಿ ಬರಲಿಲ್ಲ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂಬ ಗಾದೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಕೆಲಸ ಕಳೆದುಕೊಂಡ ಊರಿನಲ್ಲಿ ಇಸ್ಕೊಂಡವನೂ ನಾಚಿಕೆಯಿಂದ ಬೀದಿ ಬದಲಿಸಿ ನಡೆಯುತ್ತಾನೆ. ಸವಕಳಿಗೆ ಕಾರಣ ಬೆಂಗಳೂರು. ಬದುಕು ಹುಡುಕಿಕೊಂಡು ಕೆಲವರು ಮನೆಯನ್ನೇ ಎತ್ತಿದರು, ಕೆಲವರು ರೈಲು ಹತ್ತಿದರು.

ಒಬ್ಬರು: ಮಾರಿಕುಪ್ಪಂ ರೈಲು ದಿನವೂ ಅದೇ ಜನರನ್ನು ಕೂಡಿಸುತ್ತದೆಯಲ್ಲ. ಅದು ಹೊಸ ನಲ್ಲಿಯಾಗಲಿಲ್ಲವೇ?

ಇನ್ನೊಬ್ಬರು: ಹೊಸ ಗೆಳೆತನಕ್ಕೆ ಆಯಿತು, ಹಳೆಯದಕ್ಕೆ ಅಷ್ಟಾಗಿ ಆಗಲಿಲ್ಲ. ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ ನಿಲ್ದಾಣಗಳಲ್ಲಿ ಹತ್ತಿದವರು ಬಂಗಾರಪೇಟೆ ಹೊತ್ತಿಗೆ ತಂತಮ್ಮ ಗುಂಪಿನಲ್ಲಿ ಕೂತಿರುತ್ತಾರೆ. ಸೀಟಿನ ಮೇಲೆ ಕರ್ಚೀಫು, ಮಡಿಲ ಮೇಲೆ ಬ್ರೀಫ್‌ಕೇಸು ಇಟ್ಟು ಇಸ್ಪೀಟು, ಇಲ್ಲವೇ ನಿದ್ದೆ. ರಾತ್ರಿ ಇಳಿದು ಮನೆ ಸೇರಿದರೆ ಊಟಕ್ಕೆ ಮಾತ್ರ ಸಮಯ. ಭಾನುವಾರ ಒಂದೇ ದಿನ ಊರಿನಲ್ಲಿ ಹಗಲು ಕಾಣುವವರಿಗೆ ಹಳೆಯ ಗೆಳೆಯನ ಬೀದಿ ದೂರವೇ.

ಒಬ್ಬರು: ಇಲ್ಲಿಯವರೆಗಿನದು ಗಂಡಸರ ಲೆಕ್ಕ.

ಇನ್ನೊಬ್ಬರು: ಹೆಂಗಸರ ಲೆಕ್ಕ ಇನ್ನೂ ಬಿಗಿ. ಗೆಳತಿಯರ ನಡುವೆ ಮದುವೆಯೇ ಮೊದಲ ಗಡಿ. ಹೆಸರಿನ ಹಿಂದಿನ ಇನಿಷಿಯಲ್ ಬದಲಾಗುತ್ತದೆ, ಊರು ಬದಲಾಗುತ್ತದೆ, ಮೊದಲ ಕೆಲವು ವರ್ಷ ಫೋನು ಗಂಡನ ಕೈಯಲ್ಲಿರುತ್ತದೆ. ಅಂಥ ಗೆಳತಿಯನ್ನು ಹುಡುಕಲು ಉಳಿಯುವ ದಾರಿ ತವರು ಒಂದೇ. ಗಣಿಯೂರಿನಲ್ಲಿ ತವರು ಎಂದರೆ ಕಂಪನಿಯ ಕ್ವಾರ್ಟರ್ಸ್. ಅಪ್ಪನ ಕೆಲಸ ಹೋಗಿ ಮನೆಯವರು ಹೊಸೂರಿಗೋ ಕೃಷ್ಣರಾಜಪುರಕ್ಕೋ ಹೋದರೆ ಆ ಒಂದು ಎಳೆಯೂ ಕಡಿಯುತ್ತದೆ. ಹೀಗೆ ಕಳೆದುಹೋದ ಗೆಳತಿಯರ ನಡುವೆ ಹೆಚ್ಚಿನ ವೇಳೆ ಯಾವ ಮುನಿಸೂ ಇರುವುದಿಲ್ಲ. ಆದರೂ ಒಬ್ಬಳಿಗೆ ಇನ್ನೊಬ್ಬಳು ಮರೆತಳು ಎನಿಸಿರುತ್ತದೆ, ಇನ್ನೊಬ್ಬಳಿಗೂ ಅದೇ.

ಒಬ್ಬರು: ವಿಳಾಸ, ನಂಬರು ಸಿಕ್ಕ ಮೇಲೂ ಫೋನ್ ಮಾಡಲು ಕೈ ಏಳದಿರುವುದು ಏಕೆ? ಇಂದು ಹುಡುಕುವುದು ಕಷ್ಟವಲ್ಲ. ಶಾಲೆಯ ಬ್ಯಾಚಿಗೊಂದು ವಾಟ್ಸಾಪ್ ಗುಂಪಿದೆ.

ಇನ್ನೊಬ್ಬರು: ಕೆನಡಾದ ಲಾರಾ ಅಕ್ನಿನ್ ಮತ್ತು ಇಂಗ್ಲೆಂಡಿನ ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಎಂಬ ಮನೋವಿಜ್ಞಾನಿಗಳು 2024ರಲ್ಲಿ ಇದನ್ನೇ ಪರೀಕ್ಷಿಸಿದರು. ಸಂಪರ್ಕ ತಪ್ಪಿದ, ಆದರೆ ಇಂದೂ ಬೇಕೆನಿಸುವ ಗೆಳೆಯ ಒಬ್ಬನಾದರೂ ಇದ್ದಾನೆ ಎಂದು ಹೆಚ್ಚು ಕಡಿಮೆ ಎಲ್ಲರೂ ಒಪ್ಪಿದರು. ಸಂದೇಶ ಬರೆಯಲು ಸಮಯ ಕೊಟ್ಟು, ಬರೆದ ಮೇಲೆ ಕಳಿಸಲೂ ಅವಕಾಶ ಕೊಟ್ಟರೆ ಕಳಿಸಿದವರು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಹಳೆಯ ಗೆಳೆಯನನ್ನು ಮಾತಾಡಿಸುವುದಕ್ಕೂ ಗುರುತಿಲ್ಲದವರನ್ನು ಮಾತಾಡಿಸುವುದಕ್ಕೂ ಜನರಿಗಿರುವ ಹಿಂಜರಿಕೆ ಒಂದೇ ಮಟ್ಟದ್ದು ಎಂದು ಕಂಡುಬಂತು. ಒಂದು ಉಪಾಯವೂ ಅದೇ ಅಧ್ಯಯನದಲ್ಲಿ ಸಿಕ್ಕಿತು: ಮೊದಲು ಕೆಲವು ನಿಮಿಷ ಈಗಿನ ಗೆಳೆಯರಿಗೆ ಸಂದೇಶ ಕಳಿಸಿ ಕೈ ಪಳಗಿಸಿಕೊಂಡವರಲ್ಲಿ ಹಳೆಯ ಗೆಳೆಯನಿಗೂ ಕಳಿಸಿದವರು ಅರ್ಧಕ್ಕಿಂತ ಹೆಚ್ಚು.

ಒಬ್ಬರು: ಆ ಹಿಂಜರಿಕೆಯ ಹಿಂದೆ ಇರುವ ಭಯ ಏನು? ಇಷ್ಟು ವರ್ಷ ಇಲ್ಲದವನು ಈಗ ಯಾಕೆ ಬಂದ, ಏನೋ ಕೆಲಸ ಇರಬೇಕು ಎಂದುಕೊಂಡಾರು ಎಂಬುದೇ?

ಇನ್ನೊಬ್ಬರು: ಬಹುಪಾಲು ಅದೇ. ಆ ಭಯಕ್ಕೆ ಆಧಾರ ಕಡಿಮೆ. ಅಮೆರಿಕದ ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸುಮ್ಮನೆ ವಿಚಾರಿಸಿದ ಒಂದು ಮಾತನ್ನು ಎದುರಿನವರು ಎಷ್ಟು ಮೆಚ್ಚುತ್ತಾರೆ ಎಂಬುದನ್ನು ಕಳಿಸುವವರು ಸದಾ ಕಡಿಮೆಯಾಗಿಯೇ ಅಂದಾಜು ಮಾಡಿದ್ದರು. ಮಾತು ಎಷ್ಟು ಅನಿರೀಕ್ಷಿತವೋ ಅಷ್ಟು ಸಂತೋಷ. ಆದರೆ ಗಣಿಯೂರಿನಲ್ಲಿ ಭಯಕ್ಕೆ ಒಂದು ವಾಸ್ತವ ಕಾರಣ ಇತ್ತು. ಕೆಲಸ ಹೋದ ಕಾಲದಲ್ಲಿ ಹಳೆಯ ಗೆಳೆಯನ ಬಾಗಿಲು ತಟ್ಟಿದವರಲ್ಲಿ ಸಾಲ ಕೇಳಲು ಬಂದವರೂ ಇದ್ದರು. ಆದ್ದರಿಂದ ಮೊದಲ ಫೋನಿನಲ್ಲೇ ವಿಷಯ ಬಿಚ್ಚಿ ಹೇಳುವುದು ಒಳಿತು: ಕೆಲಸವೇನೂ ಇಲ್ಲ, ನೆನಪಾಯಿತು, ಮಾತಾಡಬೇಕೆನಿಸಿತು ಎಂದು. ಕೆಲಸ ಇದ್ದರೆ ಅದನ್ನೂ ಮುಚ್ಚಿಡದೆ ಮೊದಲೇ ಹೇಳುವುದು ಒಳಿತು. ಯೋಗಕ್ಷೇಮ ಕೇಳುವ ನೆಪದಲ್ಲಿ ಶುರುಮಾಡಿ ಕೊನೆಗೆ ಬೇಡಿಕೆ ಇಟ್ಟರೆ ಎರಡನೆಯ ಮುರಿತ ಖಚಿತ.

ಒಬ್ಬರು: ಅಂತಸ್ತಿನ ಬಿರುಕಿಗೆ ಇಷ್ಟು ಸಾಲದು. ಪುರಾಣದಲ್ಲೂ ಅದು ಹೊಲಿಗೆಗೆ ನಿಂತಿಲ್ಲ.

ಇನ್ನೊಬ್ಬರು: ದ್ರೋಣ–ದ್ರುಪದರ ಕಥೆ ಇದಕ್ಕೆ ಸಾಕ್ಷಿ. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡದ ಓದುಗರು ಬಲ್ಲ ಕಥೆ ಅದು. ಒಟ್ಟಿಗೆ ಕಲಿಯುವಾಗ ರಾಜಕುಮಾರ ದ್ರುಪದ ರಾಜ್ಯದಲ್ಲಿ ಪಾಲು ಕೊಡುವ ಮಾತಾಡಿದ್ದ. ಬಡತನದಲ್ಲಿ ಬೆಂದ ದ್ರೋಣ ಅದನ್ನು ನಂಬಿ ಬಂದಾಗ, ಅರಸನಿಗೂ ಬಡವನಿಗೂ ಎಲ್ಲಿಯ ಗೆಳೆತನ ಎಂದು ತುಂಬಿದ ಸಭೆಯಲ್ಲಿ ಹೀಯಾಳಿಸಿದ. ದ್ರೋಣ ಶಿಷ್ಯರ ಕೈಯಿಂದ ಅವನನ್ನು ಕಟ್ಟಿ ತರಿಸಿ, ಅರ್ಧ ರಾಜ್ಯ ಕಿತ್ತುಕೊಂಡು, ಈಗ ಸಮಾನರಾದೆವು ಎಂದ. ಅಲ್ಲಿಗೆ ಮುಗಿಯಲಿಲ್ಲ, ದ್ರೋಣನನ್ನು ಕೊಲ್ಲುವ ಮಗ ಬೇಕೆಂದು ದ್ರುಪದ ಯಜ್ಞ ಮಾಡಿದ. ಇಬ್ಬರ ತಪ್ಪೂ ಇಲ್ಲಿ ಸ್ಪಷ್ಟ. ದ್ರೋಣ ಬಾಲ್ಯದ ಮಾತನ್ನು ಕರಾರುಪತ್ರದಂತೆ ಹಿಡಿದು ಬಂದ. ದ್ರುಪದ ಅವನನ್ನು ಒಳಮನೆಗೆ ಕರೆಯದೆ ಸಭೆಯಲ್ಲಿ ಮಾತಾಡಿದ.

ಒಬ್ಬರು: ಕುಚೇಲನ ಕಥೆ ಬೇರೆ ದಾರಿ ತೋರಿಸುತ್ತದೆಯಲ್ಲ.

ಇನ್ನೊಬ್ಬರು: ಆ ಕಥೆಯಲ್ಲಿ ಬಂದವನು ಕೇಳಲಿಲ್ಲ, ಇದ್ದವನು ಕೇಳಲಿ ಎಂದು ಕಾಯಲಿಲ್ಲ, ಹಿಡಿ ಅವಲಕ್ಕಿಯನ್ನು ಕೃಷ್ಣ ತಾನೇ ಕೈಚಾಚಿ ಪಡೆದ. ಉಳ್ಳವನು ಮೊದಲು ಪಡೆದದ್ದರಿಂದ ಇಲ್ಲದವನ ಮರ್ಯಾದೆ ಉಳಿಯಿತು. ಬದುಕಿನಲ್ಲಿ ಕೃಷ್ಣನ ಐಶ್ವರ್ಯ ಯಾರಿಗೂ ಇರುವುದಿಲ್ಲ, ಆದರೆ ಆ ಕ್ರಮ ಎಲ್ಲರಿಗೂ ಸಾಧ್ಯ. ಬೆಂಗಳೂರಿನಲ್ಲಿ ನೆಲೆಯಾದವರು ಗಣಿಯೂರಿನ ಗೆಳೆಯನನ್ನು ದೊಡ್ಡ ಹೋಟೆಲಿಗೆ ಕರೆದು ಬಿಲ್ಲು ಕೊಡುವುದಕ್ಕಿಂತ, ಅವನ ಮನೆಗೆ ಹೋಗಿ ಅಲ್ಲಿ ಮಾಡಿದ ಸಾರು ಅನ್ನ ಉಣ್ಣುವುದು ಮೇಲು. ಅದೂ ಮುಜುಗರವಾದರೆ ಬಂಗಾರಪೇಟೆ ಇದೆ. ಅಲ್ಲಿನ ಪಾನಿಪುರಿಯ ನೀರು ಬೇರೆಡೆಯ ಹಾಗೆ ಹಸಿರಲ್ಲ, ತಿಳಿನೀರಿನಂತೆ ಬಣ್ಣವಿಲ್ಲದ್ದು. ಬಾಯಿಗಿಟ್ಟ ಮೇಲೆಯೇ ಖಾರ ಗೊತ್ತಾಗುತ್ತದೆ. ಗಾಡಿಯ ಮುಂದೆ ನಿಂತು ತಿನ್ನುವಾಗ ಯಾರೂ ಅತಿಥಿಯಲ್ಲ, ಯಾರೂ ಯಜಮಾನರಲ್ಲ, ದುಡ್ಡು ಯಾರು ಕೊಟ್ಟರೂ ಹೊರೆಯಲ್ಲ. ಮೊದಲ ಭೇಟಿಗೆ ಇಂಥ ಜಾಗ ಬೇಕು.

ಒಬ್ಬರು: ಇಬ್ಬರೇ ಸೇರುವುದಕ್ಕಿಂತ ಬ್ಯಾಚಿನ ಪುನರ್ಮಿಲನದಲ್ಲಿ ಸೇರುವುದು ಸುಲಭವಲ್ಲವೇ?

ಇನ್ನೊಬ್ಬರು: ಸವಕಳಿಯಿಂದ ದೂರವಾದವರಿಗೆ ಸುಲಭ. ಗುರುಗಳಿಗೆ ಸನ್ಮಾನ, ಫೋಟೋ, ಊಟದ ನಡುವೆ ಸಂಕೋಚ ಕರಗುತ್ತದೆ. ಜಗಳವಾಡಿ ದೂರವಾದವರಿಗೆ ಅದೇ ಗುಂಪು ಕಷ್ಟ. ಎಲ್ಲರೂ ನೋಡುತ್ತಿರುವಾಗ ಕೈ ಕುಲುಕಿದರೆ ಅದು ನೋಡುವವರ ಸಮಾಧಾನಕ್ಕೆ ಆದದ್ದು. ಗುಂಪಿನಲ್ಲಿ ಉಳ್ಳವರೇ ಹೆಚ್ಚು ಮಾತಾಡುತ್ತಾರೆ; ಸೆಕ್ಯುರಿಟಿ ಕೆಲಸಕ್ಕೆ ಹೋಗುವವನು ಮೂಲೆಯ ಕುರ್ಚಿ ಹಿಡಿಯುತ್ತಾನೆ, ಮುಂದಿನ ವರ್ಷ ಬರುವುದಿಲ್ಲ. ಜಗಳದ ಬಾಕಿ ಇದ್ದರೆ ಗುಂಪಿಗೆ ಮೊದಲು ಇಬ್ಬರೇ ಒಮ್ಮೆ ಕೂರಬೇಕು.

ಒಬ್ಬರು: ಕೂತ ಮೇಲೆ ಹಳೆಯದನ್ನು ಕೆದಕಬೇಕೇ? ಆದದ್ದು ಆಯಿತು, ಬಿಡು ಎಂದು ಮುಂದೆ ಹೋಗುವುದು ನಮ್ಮವರ ವಾಡಿಕೆ.

ಇನ್ನೊಬ್ಬರು: ಸಣ್ಣದಕ್ಕೆ ಆ ವಾಡಿಕೆ ಸಾಕು. ದೊಡ್ಡದಕ್ಕೆ ಸಾಲದು. ಮರಳದ ಹಣ, ಮುಷ್ಕರದ ಹೊತ್ತಿನಲ್ಲಿ ಆಡಿದ ದ್ರೋಹದ ಮಾತು, ಜಾತಿ ಹಿಡಿದು ಕರೆದದ್ದು, ಭಾಷೆಯ ಗಲಾಟೆಯ ದಿನಗಳಲ್ಲಿ ಬಾಗಿಲು ತೆರೆಯದಿದ್ದದ್ದು: ಇವನ್ನು ಹೆಸರಿಟ್ಟು ಹೇಳದಿದ್ದರೆ ಮಾತು ಹವಾಮಾನ, ಮಕ್ಕಳ ಅಂಕ, ಸಕ್ಕರೆ ಕಾಯಿಲೆಯಲ್ಲೇ ಸುತ್ತುತ್ತದೆ. ಹೇಳುವ ಮುಂಚೆ ಒಂದನ್ನು ಒಪ್ಪಿಕೊಳ್ಳಬೇಕು: ಇಬ್ಬರ ನೆನಪೂ ಒಂದೇ ಇರುವುದಿಲ್ಲ. ಹತ್ತರಿಂದ ಮೂವತ್ತರ ವಯಸ್ಸಿನ ನಡುವಿನ ನೆನಪುಗಳು ಮನುಷ್ಯನಿಗೆ ಉಳಿದ ಕಾಲದವಕ್ಕಿಂತ ದಟ್ಟವಾಗಿ ಉಳಿಯುತ್ತವೆ ಎಂಬುದು ಮನೋವಿಜ್ಞಾನ ಹಲವು ಬಾರಿ ಕಂಡ ಸಂಗತಿ. ದಟ್ಟವಾಗಿ ಉಳಿದದ್ದೆಲ್ಲ ನಿಖರವಾಗಿರುವುದಿಲ್ಲ. ಒಬ್ಬ ತಮಾಷೆ ಎಂದು ಮರೆತ ಅಡ್ಡಹೆಸರನ್ನು ಇನ್ನೊಬ್ಬ ಗಾಯವಾಗಿ ಹೊತ್ತಿರಬಹುದು. ಆಗ ನಡೆದದ್ದು ಹಾಗಲ್ಲ ಎಂದು ವಾದಿಸಿದರೆ ಪ್ರಯೋಜನವಿಲ್ಲ. ನನಗೆ ನೆನಪಿಲ್ಲ, ಆದರೆ ನೋವಾಗಿದ್ದರೆ ತಪ್ಪು ನನ್ನದು ಎನ್ನುವುದು ಸತ್ಯವೂ ಹೌದು, ಸಾಕಾಗುವ ಮಾತೂ ಹೌದು.

ಒಬ್ಬರು: ಹಣದ ಬಾಕಿಗೆ ಬರೀ ಮಾತು ಸಾಕೇ?

ಇನ್ನೊಬ್ಬರು: ಸಾಲದು. ಕೊಡಬೇಕಾದವರು ಪೂರ್ತಿ ಕೊಡಲಾಗದಿದ್ದರೆ ಎಷ್ಟು, ಯಾವಾಗ ಎಂದು ಹೇಳಬೇಕು. ಬಿಟ್ಟುಕೊಡುವ ಮನಸ್ಸಿದ್ದರೆ ಸಾಲ ಕೊಟ್ಟವರು ಬಿಟ್ಟಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲೇ ಮನ್ನಾ ಮಾಡಿದ ಸಾಲ ಪಡೆದವನ ಮನಸ್ಸಿನಲ್ಲಿ ಬೆಳೆಯುತ್ತಲೇ ಇರುತ್ತದೆ.

ಒಬ್ಬರು: ಒಂದು ಭೇಟಿ ಚೆನ್ನಾಗಿ ಆಯಿತು. ಆಮೇಲೆ ಮತ್ತೆ ಮೌನ. ಹೆಚ್ಚಿನ ಕಡೆ ನಡೆಯುವುದು ಇದೇ.

ಇನ್ನೊಬ್ಬರು: ಹಳೆಯ ನೆನಪು ಎರಡು ಭೇಟಿಗಾಗುವಷ್ಟು ಮಾತ್ರ ಇರುತ್ತದೆ. ಮೇಷ್ಟರ ಬೆತ್ತ, ಚಿನ್ನ ತೆಗೆದು ಉಳಿದ ಪುಡಿಯ ಸಯನೈಡ್ ಗುಡ್ಡದ ಮೇಲಿಂದ ಜಾರಿದ್ದು, ಕದ್ದು ನೋಡಿದ ಸಿನಿಮಾ ಎಲ್ಲ ಮುಗಿದ ಮೇಲೆ ಹೊಸದೊಂದು ಬೇಕು. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಹಾಕಿದಂತೆ, ಪರಿಚಯ ಸಾಮಾನ್ಯ ಗೆಳೆತನವಾಗಲು ಸುಮಾರು 50 ಗಂಟೆಯ ಒಡನಾಟ, ಆಪ್ತ ಗೆಳೆತನವಾಗಲು 200 ಗಂಟೆಗೂ ಹೆಚ್ಚು ಬೇಕು. ಅದು ಹೊಸಬರ ಲೆಕ್ಕ. ಹಳಬರಿಗೆ ಅಷ್ಟು ಬೇಕಾಗದು. ಸಂಶೋಧಕ ಡೇನಿಯಲ್ ಲೆವಿನ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದಂತೆ, ವರ್ಷಗಟ್ಟಲೆ ಸುಮ್ಮನಿದ್ದ ಸಂಬಂಧಗಳಲ್ಲೂ ಹಳೆಯ ವಿಶ್ವಾಸ ಉಳಿದಿರುತ್ತದೆ. ಹಾಗೆಂದು ಗಂಟೆಗಳನ್ನು ಕೊಡದೆ ನಡೆಯದು. ಗಣಿಯೂರಿನವರಿಗೆ ಒಟ್ಟಿಗೆ ಮಾಡುವ ಕೆಲಸಕ್ಕೆ ಕೊರತೆಯಿಲ್ಲ. ಹಳೆಯ ಕಾರ್ಮಿಕರ ಬಾಕಿ ಹಣ, ಕ್ವಾರ್ಟರ್ಸಿನ ಹಕ್ಕುಪತ್ರ, ದೂಳು ಕುಡಿದು ಶ್ವಾಸಕೋಶ ಕೆಟ್ಟ ಅಪ್ಪಂದಿರ ಚಿಕಿತ್ಸೆ, ಓದಿದ ಶಾಲೆಗೆ ಒಂದು ಕೊಠಡಿ. ಒಬ್ಬನಿಗೆ ಕಚೇರಿ ಗೊತ್ತು, ಇನ್ನೊಬ್ಬನಿಗೆ ಊರು ಗೊತ್ತು. ಆ ಕೆಲಸದಲ್ಲಿ ಇಬ್ಬರೂ ಸಮಾನರಾಗುತ್ತಾರೆ.

ಒಬ್ಬರು: ಮರಳಿ ಸೇರಲೇಬಾರದ ಸಂದರ್ಭವೂ ಇರುತ್ತದೆಯೇ?

ಇನ್ನೊಬ್ಬರು: ಇರುತ್ತದೆ. ಬಾಲ್ಯದಲ್ಲಿ ಹಿಂಸಿಸಿದವರು ಇಂದೂ ಅದನ್ನು ಆಟ ಎಂದೇ ನಗುತ್ತಿದ್ದರೆ, ಮತ್ತೆ ಮತ್ತೆ ಹಣಕ್ಕೇ ಬರುತ್ತಿದ್ದರೆ, ಕುಡಿತ ಹೊಡೆತಗಳ ಸುಳಿಗೆ ಎಳೆಯುವಂತಿದ್ದರೆ, ದೂರವೇ ಒಳ್ಳೆಯದು. ಎದುರಿನವರು ಬೇಡ ಎಂದರೆ ಅದಕ್ಕೂ ಮರ್ಯಾದೆ ಕೊಡಬೇಕು. ಒಮ್ಮೆ ಫೋನ್ ಮಾಡಿ, ಒಮ್ಮೆ ಸಂದೇಶ ಕಳಿಸಿ, ಉತ್ತರ ಬಾರದಿದ್ದರೆ ಸುಮ್ಮನಾಗಬೇಕು. ಪ್ರಯತ್ನ ಒಬ್ಬರದು, ಒಪ್ಪಿಗೆ ಇಬ್ಬರದು.

ಒಬ್ಬರು: ಒಟ್ಟಿನಲ್ಲಿ ಹೇಳಬೇಕಾದರೆ?

ಇನ್ನೊಬ್ಬರು: ಗಣಿಯೂರಿನ ಹೆಚ್ಚಿನ ಗೆಳೆತನಗಳನ್ನು ಮುರಿದದ್ದು ಗೆಳೆಯರಲ್ಲ; ಉದ್ಯೋಗದ ಏರಿಳಿತ, ಮುಚ್ಚಿದ ಗಣಿ, ದೂರದ ಊರು. ಇಬ್ಬರೂ ಆ ಮೌನವನ್ನು ಎದುರಿನವರ ತೀರ್ಮಾನ ಎಂದು ಓದಿಕೊಂಡರು. ಹಾಗೆ ಓದುವುದನ್ನು ನಿಲ್ಲಿಸುವುದು ಮೊದಲ ಹೆಜ್ಜೆ, ಬಾಕಿ ಇದ್ದರೆ ಹೇಳಿ ತೀರಿಸುವುದು ಎರಡನೆಯದು, ಒಟ್ಟಿಗೆ ಮಾಡುವ ಕೆಲಸವೊಂದನ್ನು ಹುಡುಕಿಕೊಳ್ಳುವುದು ಮೂರನೆಯದು. 2001ರಲ್ಲಿ ನಲವತ್ತರ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡವರಿಗೆ ಈಗ ಅರವತ್ತೈದು ದಾಟುತ್ತಿದೆ. ಗಣಿಯೂರಿನವರು ಇಂದು ಹೆಚ್ಚಾಗಿ ಒಟ್ಟು ಸೇರುವುದು ಮಣ್ಣಿಗೆ ಹೋದಾಗ. ಮಾತಾಡುವವರು ಅದಕ್ಕೆ ಮೊದಲೇ ಮಾತಾಡಬೇಕು.